ಕಡಿದದ್ದಕ್ಕಿಂತ ಹೆಚ್ಚು ನೆಟ್ಟರೂ ಕಾಡು ಯಾಕೆ ಬರ್ತಿಲ್ಲ? ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಚರ್ಚೆ

ತೋರಣಗಲ್ಲು ಓದುಗ:
ಎಲ್ಲರಿಗೂ ನಮಸ್ಕಾರ. ಸಂಡೂರಿನ ದೇವದಾರಿ ಬೆಟ್ಟದ ಗಣಿ ಯೋಜನೆ 2024ರಲ್ಲಿ ಸುದ್ದಿಯಾದಾಗ ಸುಮಾರು 400 ಹೆಕ್ಟೇರ್ ಅರಣ್ಯ, 99 ಸಾವಿರ ಮರ ಅಂತ ಪತ್ರಿಕೆಗಳಲ್ಲಿ ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಕೇಳೋ ಉತ್ತರ ಒಂದೇ: ಎರಡು ಪಟ್ಟು ಸಸಿ ನೆಡ್ತೀವಿ. ತಿಳಿದವರು ಮೂರು ವಿಷಯ ಬಿಡಿಸಿ ಹೇಳಿ.
ಒಂದು, ನೆಟ್ಟ ಸಸಿ ಕಾಡಾಗೋದಿಲ್ಲ ಯಾಕೆ? ಎರಡು, ಅಗೆದ ಕಲ್ಲುಮಣ್ಣು ಸುರಿದು ಆದ ಹಳೇ ಗಣಿ ಡಂಪ್‌ಗಳು ಮಳೆಗಾಲದಲ್ಲಿ ಹಸಿರಾಗಿ ಕಾಣ್ತವೆ, ಅವು ಸರಿಹೋಗಿವೆ ಅಂತ ಲೆಕ್ಕವೇ? ಮೂರು, ಮರ ನಾಶ ತೋರಿಸೋ ಅಂತರಜಾಲದ ನಕ್ಷೆಗಳಲ್ಲಿ ರಾಯಚೂರು, ಕೊಪ್ಪಳದಲ್ಲಿ ನಷ್ಟವೇ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಅದು ನಿಜವೇ?

ನಾರಿಹಳ್ಳದ ದಂಡೆ:
ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಹಸಿರು ಕಂಡ ಡಂಪ್ ಕಾಡಲ್ಲ. ಹಾಗಂತ ಆ ಹಸಿರು ಬೇಡವೆಂದೂ ಅಲ್ಲ, ಅದರ ಕೆಲಸ ಬೇರೆ. ಮಣ್ಣು ಹಳ್ಳಕ್ಕೆ ಇಳಿಯದಂತೆ ಹಿಡಿಯೋದು ಅದರ ಮೊದಲ ಕೆಲಸ.

ಟಿಪ್ಪರ್ ಸುರಿದ ಕಲ್ಲುಮಣ್ಣು ತಾನಾಗಿ ನಿಲ್ಲುವ ಇಳಿಜಾರು 37 ಡಿಗ್ರಿ ಆಸುಪಾಸು. ಅಷ್ಟು ಕಡಿದಾದ ಇಳಿಜಾರಿನಲ್ಲಿ ಬೀಜ ನಿಲ್ಲೋದಿಲ್ಲ. ಒಂದು ಜೋರು ಮಳೆ ಬಂದರೆ ಮೇಲಿನ ಎರಡು ಬೆರಳು ಮಣ್ಣು ಬೀಜದ ಸಮೇತ ಕೆಳಗಿರುತ್ತೆ. ಆದ್ದರಿಂದ ಮೊದಲು ಇಳಿಜಾರನ್ನು 28 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ತಂದು ಬೆಂಚ್, ಅಂದರೆ ಮೆಟ್ಟಿಲಿನಂಥ ಹಂತ, ಕಟ್ಟಬೇಕು. ಬೆಂಚು ಒಳಮುಖವಾಗಿ ತುಸು ಓರೆಯಾಗಿರಬೇಕು, ನೀರು ಗುಡ್ಡೆಯ ಕಡೆಗೆ ಹರಿದು ಚರಂಡಿ ಸೇರಬೇಕು. ಹೊರಮುಖವಾಗಿ ಓರೆಯಾಯ್ತೋ, ಪ್ರತಿ ಬೆಂಚಿನ ಅಂಚಿನಿಂದಲೂ ನೀರು ಧುಮುಕಿ ಕೊರಕಲು ಬೀಳುತ್ತೆ. ಡಂಪ್ ಕೆಡೋದು ಬಹುತೇಕ ಇಲ್ಲಿಂದಲೇ.

ಕೆಲಸದ ಕ್ರಮ ಹೀಗೆ. ಬುಡದಲ್ಲಿ ಕಲ್ಲಿನ ತಡೆಗೋಡೆ, ಅದರಲ್ಲಿ ನೀರು ಸೋರುವ ಕಿಂಡಿಗಳು. ಕಿಂಡಿ ಬಿಡದಿದ್ದರೆ ಒಳಗೆ ನಿಂತ ನೀರಿನ ಒತ್ತಡಕ್ಕೆ ಗೋಡೆಯೇ ವಾಲುತ್ತೆ. ಗೋಡೆಯ ಹೊರಗೆ ಸುತ್ತುಗಾಲುವೆ, ಅದರ ಕೊನೆಗೆ ಹೂಳು ತಂಗುವ ಹೊಂಡ. ಆ ಹೊಂಡದ ಹೂಳನ್ನು ಪ್ರತಿ ವರ್ಷ ಮೇ ತಿಂಗಳೊಳಗೆ ತೆಗೆಯಲೇಬೇಕು. ತುಂಬಿದ ಹೊಂಡ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದೆಲ್ಲ ಆದ ಮೇಲೆ ಮೇಲ್ಮಣ್ಣು ಹರಡಿ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ, ಹುಲ್ಲಿನ ಬೀಜದ ಜೊತೆ ಸ್ಟೈಲೋ ಹಮಾಟ ಅನ್ನೋ ಮೇವಿನ ಗಿಡದ ಬೀಜ ಹೆಕ್ಟೇರಿಗೆ 5–6 ಕೆ.ಜಿ. ಎರಚಬೇಕು. ಬಂದರಿಕೆ, ತಂಗಡಿಯಂಥ ಪೊದೆ ಆಮೇಲೆ. ಮರದ ಸರದಿ ಕೊನೆಗೆ, ಅದೂ ಬೆಂಚಿನ ಮಟ್ಟಸವಾದ ಜಾಗದಲ್ಲಿ. ಫೋಟೋಗೆ ಮರ ಬೇಕು ಅಂತ ಮೊದಲ ವರ್ಷವೇ ಸಸಿ ನೆಡೋದು ಈ ಕ್ರಮವನ್ನು ತಲೆಕೆಳಗು ಮಾಡಿದ ಹಾಗೆ.

ಇನ್ನು ಮೇಲ್ಮಣ್ಣು. ಗಣಿ ತೆರೆಯುವಾಗ ಮೇಲಿನ 20–30 ಸೆಂ.ಮೀ. ಮಣ್ಣನ್ನು ಬೇರೆ ತೆಗೆದಿಡಬೇಕು. ಅದರಲ್ಲಿ ಹುಲ್ಲಿನ ಬೀಜ ಇದೆ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರ ಇದೆ, ಕೊಳೆತ ಎಲೆ ಇದೆ. ರಾಶಿ 2–3 ಮೀಟರ್ ಎತ್ತರ ಮೀರಬಾರದು. ಮೀರಿದರೆ ನಡುವೆ ಗಾಳಿ ಆಡದೆ ಜೀವ ಸಾಯುತ್ತೆ. ರಾಶಿಯ ಮೇಲೆ ಹುಲ್ಲು ಬೆಳೆಸಿ, ಒಂದೆರಡು ವರ್ಷದೊಳಗೆ ಬಳಸಬೇಕು. ಹತ್ತು ವರ್ಷ ಬಿಟ್ಟು ಹರಡಿದರೆ ಅದು ಬರೀ ಕೆಂಪು ಪುಡಿ. ಸಂಡೂರಿನ ನಾರಿಹಳ್ಳ ಜಲಾಶಯದ ತಳಕ್ಕೆ ಹೋಗಿ ಕೂತಿದ್ದು ಇಂಥ ಗಣಿ ಮಣ್ಣೇ.

ಕಮರದ ನೆರಳು:
ದಂಡೆಯವರು ಹೇಳಿದ್ದು ಪೂರ್ತಿ ಸರಿ. ಅದರ ಹಿಂದಿನ ಮಾತೊಂದನ್ನು ಸೇರಿಸ್ತೀನಿ, ಮೊದಲ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ನಮ್ಮದು ವರ್ಷಕ್ಕೆ 500–600 ಮಿ.ಮೀ. ಮಳೆಯ ಸೀಮೆ, ಸಂಡೂರಿನ ಬೆಟ್ಟಸಾಲಿನಲ್ಲಿ ಸ್ವಲ್ಪ ಜಾಸ್ತಿ. ಇಲ್ಲಿನ ಕಾಡು ಬೀಜಕ್ಕಿಂತ ಹೆಚ್ಚಾಗಿ ಬೊಡ್ಡೆಯಿಂದ ಬದುಕಿದ್ದು. ತುಗ್ಗಲಿ, ದಿಂಡಿಗ, ಹಾಲೆ, ಬೇವು ಇವನ್ನೆಲ್ಲ ನೂರಾರು ವರ್ಷದಿಂದ ಸೌದೆಗೆ, ನೇಗಿಲಿಗೆ, ಬೇಲಿಗೆ ಕಡೀತಾ ಬಂದಿದ್ದಾರೆ. ಕಡಿದ ಜಾಗದಲ್ಲೇ ಮತ್ತೆ ಚಿಗುರಿವೆ. ಮುತ್ತುಗ ಬೇರಿನಿಂದಲೂ ಮರಿ ಹಾಕುತ್ತೆ. ಮೇಲೆ ಮೊಣಕಾಲುದ್ದ ಪೊದೆಯಾಗಿ ಕಾಣೋ ತುಗ್ಗಲಿಯ ಕೆಳಗೆ ನಮ್ಮ ವಯಸ್ಸಿಗಿಂತ ಹಳೇ ಬೇರು ಇರಬಹುದು. ಕೊಡಲಿ, ಮೇಕೆ, ಬೆಂಕಿ ಮೂರೂ ಕಾಡನ್ನು ಕುಗ್ಗಿಸುತ್ತವೆ, ಆದರೆ ಬೇರನ್ನು ಬಿಡುತ್ತವೆ. ಜೆಸಿಬಿ ಬೇರನ್ನೇ ಕೀಳುತ್ತೆ. ಎರಡಕ್ಕೂ ‘ಮರ ನಾಶ’ ಅಂತ ಒಂದೇ ಹೆಸರು ಕೊಟ್ಟಿರೋದೇ ನಮ್ಮ ಗೊಂದಲದ ಮೂಲ.

ಮರ ಎಣಿಸೋ ಪಟ್ಟಿಯಲ್ಲೂ ಇದೇ ತೊಂದರೆ. ಸುತ್ತಳತೆ ಅಳೆದು ವರ್ಗ ಮಾಡಿ ಮರ ಬರೀತಾರೆ. ಬೊಡ್ಡೆಯ ಚಿಗುರು, ಕವಳಿ, ಬಾರಿ (ಬೋರೆ) ಪೊದೆ, ಹುಲ್ಲು ಇವು ಆ ಪಟ್ಟಿಗೆ ಬರೋದಿಲ್ಲ. ದರೋಜಿ ಕರಡಿಧಾಮದ ಕಡೆ ಕರಡಿ ತಿನ್ನೋದು ಆ ಕವಳಿ, ಬಾರಿ ಹಣ್ಣು, ಗೆದ್ದಲು.

ಲೆಕ್ಕಕ್ಕೆ ಬನ್ನಿ: 3 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,111 ಸಸಿ. 2 ಲಕ್ಷ ಸಸಿಗೆ 180 ಹೆಕ್ಟೇರ್ ಸಾಕು. ಸಂಖ್ಯೆ ಎರಡು ಪಟ್ಟಾಯ್ತು, ನೆಲ ಅರ್ಧಕ್ಕಿಂತ ಕಡಿಮೆಯಾಯ್ತು. ಸಸಿಯಲ್ಲಿ ಲೆಕ್ಕ ಹೇಳಿದಾಗ ಇದು ಮರೆಯಾಗುತ್ತೆ. ಕಾಯ್ದೆ ಕೇಳೋದು ನೆಲದ ಲೆಕ್ಕವನ್ನೇ, ನಾವೂ ಅದನ್ನೇ ಕೇಳಬೇಕು.

ನಕ್ಷೆ ನೋಡುವವ, ಕೊಪ್ಪಳ:
ಮೂರನೇ ಪ್ರಶ್ನೆ ನನಗೆ ಬಿಡಿ. ‘ಗ್ಲೋಬಲ್ ಫಾರೆಸ್ಟ್ ವಾಚ್’ ನಕ್ಷೆಯಲ್ಲಿ ಮರ ಅಂದರೆ 5 ಮೀಟರ್‌ಗಿಂತ ಎತ್ತರದ ಸಸ್ಯ. ಅದರ ಮೇಲೆ, ನೀವು ಬದಲಾಯಿಸದಿದ್ದರೆ, ಶೇ 30ಕ್ಕಿಂತ ಹೆಚ್ಚು ಮರದ ನೆರಳಿದ್ದ ಜಾಗವನ್ನಷ್ಟೇ ಕಾಡು ಅಂತ ಹಿಡಿಯುತ್ತೆ. ನಮ್ಮ ಮುಳ್ಳುಕಾಡು ಎಷ್ಟೋ ಕಡೆ ಇವೆರಡನ್ನೂ ದಾಟೋದಿಲ್ಲ. 2000ನೇ ಇಸವಿಯಲ್ಲೇ ‘ಕಾಡಲ್ಲ’ ಅನ್ನಿಸಿಕೊಂಡ ಜಾಗದಲ್ಲಿ ಆಮೇಲೆ ಏನು ಹೋದರೂ ನಷ್ಟ ಅಂತ ತೋರಿಸೋದಿಲ್ಲ.

ಭಾರತೀಯ ಅರಣ್ಯ ಸಮೀಕ್ಷೆಯದು ಬೇರೆ ಅಳತೆ. 1 ಹೆಕ್ಟೇರ್‌ಗಿಂತ ದೊಡ್ಡ ಜಾಗ, ಶೇ 10ರಷ್ಟು ನೆರಳು ಇದ್ದರೆ ಸಾಕು, ಜಮೀನು ಯಾರದಾದರೂ ಜಾತಿ ಯಾವುದಾದರೂ ಅದು ಅರಣ್ಯ ಹೊದಿಕೆ. ಶೇ 10ರಿಂದ 40 ತೆರೆದ ಕಾಡು, 40ರಿಂದ 70 ಮಧ್ಯಮ ದಟ್ಟ, 70 ಮೀರಿದರೆ ಅತಿ ದಟ್ಟ. 10ಕ್ಕಿಂತ ಕೆಳಗಿನದು ಕುರುಚಲು. ಈ ಲೆಕ್ಕದಲ್ಲಿ ಹೊರದೇಶದಿಂದ ಬಂದ ಬಳ್ಳಾರಿ ಜಾಲಿಯ ಮೆಳೆಯೂ ಅರಣ್ಯ, ಮಾವಿನ ತೋಟವೂ ಅರಣ್ಯ. ಬೆಟ್ಟದ ಮೇಲಿನ ದಿಂಡಿಗ ಹೋಗಿ ಕೆರೆಯಂಗಳದಲ್ಲಿ ಜಾಲಿ ತುಂಬಿದರೆ ಒಟ್ಟು ಅಂಕಿ ಅಲ್ಲಿಂದಲ್ಲಿಗೆ ಸಮ.

ನೀವೇ ನೋಡಬೇಕು ಅಂದರೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತವಾಗಿ ಸಿಗುತ್ತೆ, 10 ಮೀಟರ್‌ಗೆ ಒಂದು ಚುಕ್ಕಿ. ಒಂದು ಎಚ್ಚರಿಕೆ: ಎರಡು ವರ್ಷ ಹೋಲಿಸುವಾಗ ತಿಂಗಳು ಒಂದೇ ಇರಲಿ. ಅಕ್ಟೋಬರ್ ಚಿತ್ರವನ್ನು ಏಪ್ರಿಲ್ ಚಿತ್ರದ ಪಕ್ಕ ಇಟ್ಟು ‘ಬೆಟ್ಟ ಬೋಳಾಯ್ತು’ ಅನ್ನೋದು ಜಾಲತಾಣಗಳಲ್ಲಿ ಪದೇ ಪದೇ ಕಾಣೋ ತಪ್ಪು. ಏಪ್ರಿಲ್‌ನಲ್ಲಿ ಎಲೆ ಉದುರಿದ ಕಾಡು ಬೋಳಾಗಿಯೇ ಕಾಣಬೇಕು. ನವೆಂಬರ್ ಮೊದಲ ಎರಡು ವಾರ ಒಳ್ಳೇದು: ಮೋಡ ಕಡಿಮೆ, ಎಲೆ ಇನ್ನೂ ಇರುತ್ತೆ, ಹುಲ್ಲು ಒಣಗಲು ಶುರುವಾಗಿರೋದರಿಂದ ಮರ, ಹುಲ್ಲು ಬೇರೆ ಬೇರೆ ಕಾಣ್ತವೆ. ಗಣಿಯ ರಸ್ತೆ, ಡಂಪ್ ಮಾತ್ರ ಯಾವ ತಿಂಗಳಲ್ಲಾದರೂ ಕೆಂಪು ಗೀರಿನ ಹಾಗೆ ಎದ್ದು ಕಾಣುತ್ತೆ.

ಎರೆಹೊಲ, ಸಿಂಧನೂರು:
ಬೆಟ್ಟದ ಮಾತೇ ಆಯ್ತು, ನಮ್ಮ ಬಯಲ ಕಡೀನೂ ನೋಡ್ರಿ. ರಾಯಚೂರು ಜಿಲ್ಲಾದಾಗ ಕಾಡು ಮೊದಲೇ ಅತಿ ಕಡಿಮಿ. ಇಲ್ಲಿ ಮರ ಇದ್ದದ್ದು ಹೊಲದ ಬದುವಿನ ಮ್ಯಾಲ, ಹಳ್ಳದ ದಂಡಿಗೆ, ಗೋಮಾಳದಾಗ. ಬೇವು, ಕರಿಜಾಲಿ, ಬನ್ನಿ, ಹುಣಸಿ. 1953ಕ್ಕ ತುಂಗಭದ್ರಾ ಅಣೆಕಟ್ಟಿನ ನೀರು ಬಂತು, ಎಡದಂಡೆ ಕಾಲುವೆ ಕೆಳಗ ಜೋಳದ ಹೊಲ ಭತ್ತದ ಗದ್ದಿ ಆದವು. ಗದ್ದಿ ಮಟ್ಟ ಮಾಡುವಾಗ ಬದು ಹೋದವು, ಬದುವಿನ ಜೋಡಿ ಮರ ಹೋದವು. ಉಳಿದದ್ದಕ್ಕ ಕಟಾವಿನ ಯಂತ್ರ ಬಂತು. ಅದು ತಿರುಗಾಕ ಜಾಗ ಬೇಕು, ಟೊಂಗಿ ಬಡಿಬಾರದು, ನೆರಳಿಗೆ ಭತ್ತ ಜೊಳ್ಳು ಬೀಳತಾವು ಅಂತ ಕಾರಣ. ಒಂದೊಂದೇ ಮರ ಹೋಗಿದ್ದಕ್ಕ ಯಾರ ಪಟ್ಟಿಯಾಗೂ ಬರಲಿಲ್ಲ.

ಅದರ ಫಲ ನೆಲದಾಗ ಐತಿ. ನೀರು ನಿಂತು ಕಾಲುವೆ ಕೊನೆ ಭಾಗದಾಗ ಸವಳು-ಜವಳು, ಅಂದರ ಉಪ್ಪು, ತೇವ ಏರಿದ ನೆಲ. ಬೇರು ಆಳಕ್ಕ ಬಿಡೋ ಮರ ಇದ್ದಿದ್ದರ ಕೆಳಗಿನ ನೀರು ಎಳಕೊಂಡು ಆವಿ ಮಾಡತಿತ್ತು. ಹಂಗಂತ ಮರ ಒಂದರಿಂದನೇ ಸವಳು ಹೋಗೋದಿಲ್ಲ, ಬಸಿಗಾಲುವೆ ಬೇಕೇ ಬೇಕು. ಆದರ ಬಸಿಗಾಲುವೆ ದಂಡಿಗೆ ಕರಿಜಾಲಿ, ಹೊಂಗಿ 4–5 ಮೀಟರ್‌ಗೆ ಒಂದರಂಗ ಹಾಕಬಹುದು, ಎರಡೂ ಸ್ವಲ್ಪ ಉಪ್ಪು ತಡಿತಾವು. ಸಾಲು ಉತ್ತರ-ದಕ್ಷಿಣ ಇದ್ದರ ಬೆಳಿ ಮ್ಯಾಲ ದಿನವಿಡೀ ಒಂದೇ ಕಡೆ ನೆರಳು ಬೀಳೋದು ಕಡಿಮಿ. ಕೆಳಗಿನ ಟೊಂಗಿ ಎರಡು ವರ್ಷಕ್ಕೊಮ್ಮೆ ಸವರಿದರ ಯಂತ್ರಕ್ಕೂ ಅಡ್ಡಿ ಇಲ್ಲ.

ಕಲ್ಲುಗುಡ್ಡ, ಕುಷ್ಟಗಿ:
ನಮ್ಮ ಕಡೆ ಗ್ರಾನೈಟ್ ಕ್ವಾರಿ. ಕಾಗದದ ಮೇಲೆ ಅದು ‘ಬಂಡೆ ಜಾಗ’, ಮರ ಇಲ್ಲ ಅಂತ ಬರೀತಾರೆ. ಬಂಡೆಯ ಸಂದಿಯಲ್ಲಿ ಮಣ್ಣು ನಿಂತು ಗೋಣಿ, ಬಸರಿ, ಕಾಡುಗೋಡಂಬಿಯಂಥ ಮರ ಬೆಳೆದಿರ್ತವೆ. ಚಿರತೆ, ಕರಡಿಗೆ ಗವಿ ಅಲ್ಲೇ. ಹುಲ್ಲು, ಪೊದೆ ಚಿಗುರಿಸಬಹುದು, ಬಂಡೆ ಚಿಗುರೋದಿಲ್ಲ. ಯಲಬುರ್ಗಾ, ಕುಕನೂರು ಕಡೆ ಗಾಳಿಯಂತ್ರಗಳಿಗೂ ಇದೇ ಮಾತು: ಕಂಬ ನಿಲ್ಲೋ ಜಾಗ ಚಿಕ್ಕದು, ಆದರೆ ಉದ್ದನೆಯ ರೆಕ್ಕೆ ಹೊತ್ತ ಲಾರಿ ತಿರುಗೋಕೆ ಕಡಿಯುವ ರಸ್ತೆ ಅಗಲ. ಆ ರಸ್ತೆಯ ಮಗ್ಗುಲಲ್ಲಿ ಚರಂಡಿ ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಕೊರಕಲು ಬೀಳುತ್ತೆ.

ಇನ್ನೊಂದು ಮಾತು. ಬಳ್ಳಾರಿ ಜಾಲಿಯನ್ನು ಒಂದೇ ಸಲಕ್ಕೆ ಬುಡಸಮೇತ ಕಿತ್ತು ಹಾಕದೆ ಇಲ್ಲಿ ಯಾವ ದೇಸಿ ಕಾಡೂ ಏಳೋದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಎರೆಹೊಲ, ಸಿಂಧನೂರು:
ಅಣ್ಣಾ, ಅದಕ್ಕ ನಾನು ಒಪ್ಪಂಗಿಲ್ಲ. ಜಾಲಿ ಕೆಟ್ಟದ್ದು ಖರೆ. ಆದರ ಊರಿನ ಒಲೆಗೆ ಸೌದೆ ಅದರಿಂದನೇ ಬರತೈತಿ, ಇದ್ದಿಲು ಸುಡೋರ ಹೊಟ್ಟಿನೂ ಅದರ ಮ್ಯಾಲ. ನಾಳೆ ಅದನ್ನ ಪೂರ್ತಿ ತಗದರ ಕೊಡಲಿ ಮತ್ತ ತುಗ್ಗಲಿ, ಬೇವಿನ ಮ್ಯಾಲ ಬೀಳತೈತಿ. ಮಣ್ಣಿನ ಗೂಡಿನಾಗ 1 ಟನ್ ಇದ್ದಿಲಿಗೆ 4–5 ಟನ್ ಕಟ್ಟಿಗಿ ಬೇಕು. ಆ ಕಟ್ಟಿಗಿ ಎಲ್ಲಿಂದ ಬರಬೇಕು ಹೇಳ್ರಿ.

ಕಮರದ ನೆರಳು:
ಇಬ್ಬರ ಮಾತಲ್ಲೂ ಹುರುಳಿದೆ. ಒಂದೇ ಸಲ ತೆಗೆದರೆ ಬಯಲಾದ ನೆಲದಲ್ಲಿ ಮತ್ತೆ ಮೊದಲು ಬರೋದು ಜಾಲಿಯೇ. ಅದರ ಕಾಯಿ ಸಿಹಿ, ದನ-ಕುರಿ ತಿಂತಾವೆ, ಬೀಜ ಸಗಣಿ, ಹಿಕ್ಕೆಯಲ್ಲಿ ಗೊಬ್ಬರದ ಸಮೇತ ನೆಲಕ್ಕೆ ಬೀಳುತ್ತೆ. ಮೇಲೆ ಕಡಿದರಂತೂ ನೆಲದೊಳಗಿನ ಗಂಟಿನಿಂದ ಹತ್ತಾರು ಕವಲು ಏಳುತ್ತೆ. ಆ ಗಂಟನ್ನು ನೆಲದಿಂದ 30 ಸೆಂ.ಮೀ. ಕೆಳಗೆ ಕತ್ತರಿಸಿ ತೆಗೆಯದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಸರಿಯಾದ ದಾರಿ ಅಂದರೆ ಪಟ್ಟಿ ಪಟ್ಟಿಯಾಗಿ ತೆಗೆಯೋದು. 10 ಮೀಟರ್ ಪಟ್ಟಿ ತೆಗೆದು ಪಕ್ಕದ 20 ಮೀಟರ್ ಬಿಡಿ. ತೆಗೆದ ಪಟ್ಟಿಯಲ್ಲಿ ಬೇವು, ಬಿಳಿಜಾಲಿ, ಕಗ್ಗಲಿ, ಬಾರಿ ಹಾಕಿ, ಅವು ತಲೆ ಎತ್ತರ ಬಂದ ಮೇಲೆ ಮುಂದಿನ ಪಟ್ಟಿ. ಬಿಟ್ಟ ಜಾಲಿಯೇ ಅಲ್ಲಿಯವರೆಗೆ ಮೇಕೆಗೆ ಬೇಲಿ. ಸಣ್ಣ ಜಾಲಿ ಸಸಿಗಳನ್ನು ಮಳೆ ಬಿದ್ದ ವಾರದಲ್ಲಿ ಕೈಯಲ್ಲೇ ಕೀಳಬಹುದು, ಒಂದು ಬೇಸಿಗೆ ದಾಟಿದರೆ ಗುದ್ದಲಿ ಬೇಕು. ಕೆರೆಯಂಗಳ, ಹಳ್ಳದ ದಂಡೆ ಮೊದಲು, ಬೆಟ್ಟದ ಬುಡ ಆಮೇಲೆ.

ನಾರಿಹಳ್ಳದ ದಂಡೆ:
ನೆಡೋದರ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಸಿ ಸಾಯೋದಕ್ಕೆ ದೊಡ್ಡ ಕಾರಣ ತಾರೀಖು. ಜೂನ್ 5ಕ್ಕೆ ಪರಿಸರ ದಿನ, ಅವತ್ತೇ ನೆಡ್ತಾರೆ. ಮಿರಗದ ಮಳೆ ಒಂದು ಬಂದು ಹೋದರೆ ಆಮೇಲೆ ಜುಲೈ ಪೂರ್ತಿ ಗಾಳಿ, ಒಣ ಬಿಸಿಲು. ಈ ಸೀಮೆಗೆ ದೊಡ್ಡ ಮಳೆ ಬರೋದು ಹುಬ್ಬೆ, ಉತ್ತರೆ, ಹಸ್ತದಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಗುಂಡಿಯನ್ನು ಏಪ್ರಿಲ್‌ನಲ್ಲೇ ತೋಡಿ ಬಿಸಿಲಿಗೆ ಬಿಡಿ, 45 ಸೆಂ.ಮೀ. ಉದ್ದ, ಅಗಲ, ಆಳ. ಒಳಗಿನ ಮಣ್ಣು ಒಂದು ಗೇಣಾದರೂ ನೆನೆದ ಮೇಲೆ ನೆಡಿ.

ನೀರಿನ ಲೆಕ್ಕವನ್ನೂ ಮೊದಲೇ ಹಾಕಿ. ಫೆಬ್ರವರಿಯಿಂದ ಮೇವರೆಗೆ 15 ದಿನಕ್ಕೊಮ್ಮೆ ಸಸಿಗೆ 10 ಲೀಟರ್ ಅಂದರೂ ಹೆಕ್ಟೇರಿನ 1,111 ಸಸಿಗೆ ಒಂದು ಸುತ್ತಿಗೆ 11 ಸಾವಿರ ಲೀಟರ್ ಮೀರುತ್ತೆ. 5,000 ಲೀಟರ್ ಟ್ಯಾಂಕರ್ ಎರಡು ಸಲ ತಂದರೂ ಸಾಲದು. ಬೆಟ್ಟದ ಮೇಲೆ ಟ್ಯಾಂಕರ್ ಹತ್ತೋದೂ ಇಲ್ಲ. ಅಷ್ಟು ನೀರು ಕೊಡೋಕಾಗದಿದ್ದರೆ 5 ಮೀಟರ್ ಅಂತರಕ್ಕೆ ಇಳಿಸಿ, ಹೆಕ್ಟೇರಿಗೆ 400 ಸಾಕು. ಬದುಕೋ 400 ಸಾಯೋ 1,111ಕ್ಕಿಂತ ಮೇಲು.

ಗಣಿ ರಸ್ತೆಯ ಬದಿಗೆ ನೆಟ್ಟ ಸಸಿಗೆ ಇನ್ನೊಂದು ತಾಪತ್ರಯ, ಕೆಂಧೂಳು. ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತೆ, ಬೆಳಕೂ ತಾಕೋದಿಲ್ಲ. ಮೊದಲ ಸಾಲಿಗೆ ಹೊಂಗೆ, ಬೇವಿನಂಥ ನಯವಾದ ಎಲೆಯದನ್ನು ಹಾಕಿದರೆ ಮಳೆಗೆ ತೊಳೆದು ಹೋಗುತ್ತೆ.

ಕಮರದ ನೆರಳು:
ದಂಡೆಯವರ ಮಾತಿಗೆ ಕಮರವನ್ನು ಸೇರಿಸಬೇಕು. ನಮ್ಮ ಒಣಕಾಡಿನ ರಾಜ ಅದು, ನರ್ಸರಿಯಲ್ಲಿ ಅತಿ ಹೆಚ್ಚು ಕೆಡೋದೂ ಅದೇ. ಬೀಜ ಮೊಳೆತ ಕೂಡಲೇ ಮೊದಲು ತಾಯಿಬೇರು ಇಳಿಯುತ್ತೆ. 5×8 ಇಂಚಿನ ಚೀಲದಲ್ಲಿ ಆ ಬೇರು ಬೇಗನೆ ತಳ ಮುಟ್ಟಿ ಸುತ್ತಿಕೊಳ್ಳುತ್ತೆ. ಚೀಲ ಸೀಳಿ ಮಣ್ಣು ಉದುರಿಸಿ ನೋಡಿ, ಬೇರು ಸುರುಳಿ ಸುತ್ತಿದ ತಂತಿಯ ಹಾಗೆ ಇರುತ್ತೆ. ಹಾಗೇ ನೆಟ್ಟರೆ ಮೇಲೆ ಹಸಿರಿದ್ದರೂ ಮೊದಲ ಬೇಸಿಗೆಗೆ ಒಣಗುತ್ತೆ, ಕೆಳಗಿನ ತೇವಕ್ಕೆ ಬೇರು ಮುಟ್ಟಿರೋದಿಲ್ಲ. ಏಪ್ರಿಲ್–ಮೇನಲ್ಲಿ ಉದುರಿದ ಹೊಸ ಕಾಯಿ ಆರಿಸಿ, ಅದೇ ಮಳೆಗಾಲದಲ್ಲಿ ನೇರ ನೆಲಕ್ಕೇ ಬಿತ್ತೋದು ಮೇಲು, ಗುಣಿಗೆ 3–4 ಬೀಜ. ಬೀಜ ಬಹುಕಾಲ ಇಟ್ಟರೆ ಮೊಳೆಯೋದಿಲ್ಲ. ಮೊದಲ ಕೆಲವು ವರ್ಷ ಮೇಲಿನ ಕಡ್ಡಿ ಬೇಸಿಗೆಗೆ ಒಣಗಿ ಮಳೆಗೆ ಮತ್ತೆ ಚಿಗುರುತ್ತೆ, ಆ ಹೊತ್ತೆಲ್ಲ ಬೇರು ಕೆಳಗೆ ಹೋಗ್ತಿರುತ್ತೆ. ‘ಸತ್ತಿದೆ’ ಅಂತ ಕಿತ್ತು ಬೇರೆ ಸಸಿ ಹಾಕಬೇಡಿ.

ನಕ್ಷೆ ನೋಡುವವ, ಕೊಪ್ಪಳ:
ಕಾನೂನಿನ ಕಡೆ ಚಿಕ್ಕದಾಗಿ. ಅರಣ್ಯ ಭೂಮಿ ಬೇರೆ ಕೆಲಸಕ್ಕೆ ಕೊಡುವಾಗ ಕಟ್ಟಿಸಿಕೊಳ್ಳುವ ನಿವ್ವಳ ಪ್ರಸ್ತುತ ಮೌಲ್ಯಕ್ಕೆ, ಅಂದರೆ ಕಳೆದುಹೋಗುವ ಕಾಡಿನ ಬೆಲೆಗೆ, ಸುಪ್ರೀಂ ಕೋರ್ಟ್ 2008ರಲ್ಲಿ ದರ ನಿಗದಿ ಮಾಡಿತ್ತು. ಹೆಕ್ಟೇರಿಗೆ ಗರಿಷ್ಠ 10.43 ಲಕ್ಷ, ಕನಿಷ್ಠ 4.38 ಲಕ್ಷ ರೂಪಾಯಿ. ಆ ಕನಿಷ್ಠ ದರ ತೆರೆದ ಮುಳ್ಳುಕಾಡಿನದು, ಅಂದರೆ ನಮ್ಮದು. ದರ ಆಮೇಲೆ 2022ರಲ್ಲಿ ಪರಿಷ್ಕರಣೆ ಆಗಿದೆ. ಆದರೆ ಮುಳ್ಳುಕಾಡು ಅಗ್ಗ ಅನ್ನೋ ಮನೋಭಾವ ಎಲ್ಲಿಂದ ಬಂತು ಅನ್ನೋದಕ್ಕೆ ಇದು ಸಾಕ್ಷಿ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟ್, ಅಕ್ರಮದ ಪ್ರಮಾಣ ನೋಡಿ ಮಾಡಿದ ಎ, ಬಿ, ಸಿ ಅನ್ನೋ ಗಣಿಗಳ ವರ್ಗ ಒಪ್ಪಿಕೊಂಡು, ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದ ಗಣಿಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯ. ಜಿಲ್ಲೆಯ ಅದಿರಿನ ಮಿತಿ ಮೊದಲು ವರ್ಷಕ್ಕೆ 2.5 ಕೋಟಿ ಟನ್, 2017ರಲ್ಲಿ 2.8 ಕೋಟಿ, 2022ರಲ್ಲಿ 3.5 ಕೋಟಿ. ಮಿತಿ ಏರಿದ ಹಾಗೆ ಟಿಪ್ಪರ್, ಧೂಳು, ಡಂಪ್ ಎಲ್ಲ ಏರುತ್ತೆ. ಆದ್ದರಿಂದ ಯಾವುದೇ ಗಣಿಯ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳುವಾಗ ‘ಎಷ್ಟು ಸಸಿ ನೆಟ್ಟಿರಿ’ ಅನ್ನಬೇಡಿ. ‘ಮೇಲ್ಮಣ್ಣು ಎಷ್ಟು ಘನ ಮೀಟರ್ ತೆಗೆದಿಟ್ಟಿರಿ, ಎಲ್ಲಿ, ಯಾವಾಗ ಬಳಸಿದಿರಿ’ ಅಂತ ಕೇಳಿ.

ರಸ್ತೆ ಅಗಲೀಕರಣಕ್ಕೆ ಬೇರೆ ದಾರಿ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರ ಕಡಿಯೋದಿದ್ದರೆ ವೃಕ್ಷ ಅಧಿಕಾರಿ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆಯಲ್ಲಿ ‘ಮರ ಉಳಿಸಿ’ ಅಂತಷ್ಟೇ ಬರೆದರೆ ತೂಕ ಇಲ್ಲ. ಪಟ್ಟಿಯ ಕ್ರಮಸಂಖ್ಯೆ ಹಿಡಿದು, ಈ ಮರ ರಸ್ತೆಯ ನಡುಗೆರೆಯಿಂದ ಇಷ್ಟು ಮೀಟರ್ ದೂರ ಇದೆ, ವಿನ್ಯಾಸದ ಅಗಲದ ಹೊರಗಿದೆ ಅಂತ ಅಳತೆ ಸಮೇತ ಬರೆಯಿರಿ.

ತೋರಣಗಲ್ಲು ಓದುಗ:
ತುಂಬಾ ಉಪಕಾರ. ಕೊನೆಗೆ ಒಂದು. ಊರ ಪಕ್ಕದ ಗುಡ್ಡಕ್ಕೆ ನೆಡುತೋಪು ಯೋಜನೆ ಬರುತ್ತೆ ಅಂದುಕೊಳ್ಳಿ. ಗುಂಡಿ ತೋಡೋ ಮುಂಚೆ ಊರಿನವರು ಏನು ನೋಡಬೇಕು?

ಕಮರದ ನೆರಳು:
ಬದುಕಿರೋ ಬೊಡ್ಡೆ ಎಣಿಸಬೇಕು. ಎಷ್ಟೋ ಗುಡ್ಡಗಳಲ್ಲಿ ನೆಡುತೋಪಿನ ಜೆಸಿಬಿಯೇ ಇದ್ದ ತುಗ್ಗಲಿ, ದಿಂಡಿಗದ ಬೇರನ್ನು ಕಿತ್ತು, ಆ ಗುಂಡಿಗೆ ನರ್ಸರಿ ಸಸಿ ಇಡುತ್ತೆ.

40 ಮೀಟರ್ ಹಗ್ಗ ತಗೊಳ್ಳಿ, ನಾಲ್ಕು ಮೂಲೆಗೆ ಗೂಟ, 10×10 ಮೀಟರ್ ಚೌಕ. ಹೆಕ್ಟೇರಿಗೆ ಕನಿಷ್ಠ ಎರಡು ಚೌಕ. ಎಲ್ಲವನ್ನೂ ರಸ್ತೆ ಪಕ್ಕ ಹಾಕಬೇಡಿ, ಗುಡ್ಡದ ತಲೆ, ನಡು, ಬುಡ ಮೂರೂ ಕಡೆ ಬರಲಿ. ಎಣಿಸೋ ಕಾಲ ಸೆಪ್ಟೆಂಬರ್, ಅಕ್ಟೋಬರ್, ಆಗ ಚಿಗುರಿಗೆ ಎಲೆ ಇರುತ್ತೆ, ಜಾತಿ ಗುರುತಿಸಬಹುದು. ಬೇಸಿಗೆಯಲ್ಲೇ ಎಣಿಸಬೇಕಾಗಿ ಬಂದರೆ ಬೊಡ್ಡೆಯ ಬುಡದಲ್ಲಿ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಕೆಳಗೆ ಹಸಿರು ಗೀರು ಬಂದರೆ ಜೀವ ಇದೆ, ಕಂದು ಪುಡಿ ಉದುರಿದರೆ ಇಲ್ಲ. ಒಂದೇ ಬೇರಿನಿಂದ ಹತ್ತು ಚಿಗುರು ಬಂದಿದ್ದರೂ ಅದು ಒಂದೇ ಲೆಕ್ಕ. ಜಾಲಿ ಬೇರೆ ಬರೆಯಿರಿ.

ಚೌಕದಲ್ಲಿ ಬಂದ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ಚೌಕಕ್ಕೆ ಸರಾಸರಿ 4–5 ಬೊಡ್ಡೆ ಇದ್ದರೆ ಅಲ್ಲಿ ಗುಂಡಿಯೇ ಬೇಡ ಅಂತ ನಾನು ಹೇಳ್ತೀನಿ. ಸವೆದ ಬೊಡ್ಡೆಯನ್ನು ನೆಲದಿಂದ 10–15 ಸೆಂ.ಮೀ. ಎತ್ತರದಲ್ಲಿ ಓರೆಯಾಗಿ, ತೊಗಟೆ ಸುಲಿಯದಂತೆ ಹರಿತ ಕೊಡಲಿಯಿಂದ ಕಡಿದು ಬಿಡಿ. ಮುಂದಿನ ವರ್ಷ ಬಲವಾದ 2–3 ಚಿಗುರು ಉಳಿಸಿ ಮಿಕ್ಕಿದ್ದು ಸವರಿ. ಮೂರರಿಂದ ಐದು ವರ್ಷ ಮೇಕೆ ಬಿಡಬಾರದು. ಹುಲ್ಲನ್ನು ಕೊಯ್ದು ಒಯ್ಯಲು ಬಿಟ್ಟರೆ ಕುರಿಯವರ ಮೇವೂ ನಿಲ್ಲೋದಿಲ್ಲ, ಫೆಬ್ರವರಿ–ಮಾರ್ಚ್‌ನಲ್ಲಿ ಬೆಂಕಿಗೆ ಸಿಗೋ ಒಣಹುಲ್ಲೂ ಕಡಿಮೆಯಾಗುತ್ತೆ. ಸರಾಸರಿ 2ಕ್ಕಿಂತ ಕಡಿಮೆ ಬಂದರೆ ಮಾತ್ರ ಖಾಲಿ ಜಾಗ ನೋಡಿ ಕೈಯಿಂದ ಗುಂಡಿ ತೋಡಿಸಿ, ಯಾವ ಬೊಡ್ಡೆಗೂ ಒಂದು ಮಾರು ಹತ್ತಿರ ಗುದ್ದಲಿ ಬೀಳಬಾರದು.

ಚೌಕದ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿ ಚೌಕದ ಒಂದು ಮೂಲೆಗೆ ಬಣ್ಣ ಹಚ್ಚಿದ ಕಲ್ಲು ಹೂಳಿ. ಮುಂದಿನ ಹಸ್ತದ ಮಳೆ ನಿಂತ ಮೇಲೆ ಅದೇ ಕಲ್ಲಿಗೆ ಹಗ್ಗ ಕಟ್ಟಿ ಮತ್ತೆ ಎಣಿಸಬಹುದು.